ಹೈಬ್ರಿಡ್ ಬಸ್ಸಿನ ಬಾಲಗ್ರಹ: ಮೊದಲ ತಿಂಗಳುಗಳಲ್ಲಿ ಏನನ್ನು ನೋಡಬೇಕು, ಯಾವುದನ್ನು ಮುಟ್ಟಬಾರದು

ಡೀಸೆಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟರೂ ಇರುವ ಹೊಸ ಹೈಬ್ರಿಡ್ ಬಸ್ ದಾರಿಯಲ್ಲಿ ಕೈಕೊಟ್ಟರೆ ಎಲ್ಲರ ಕಣ್ಣೂ ಮೊದಲು ದೊಡ್ಡ ಬ್ಯಾಟರಿಯ ಮೇಲೆ ಬೀಳುತ್ತದೆ. ‘ಬ್ಯಾಟರಿ ಹೋಗಿದೆ, ಕಂಪನಿಯವರೇ ಬರಬೇಕು’ ಎಂದು ಬಸ್ಸನ್ನು ಎಳೆದು ತಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ನಾನು ಹಾಸನದಲ್ಲಿ ಬಸ್ಸುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ನಾನು ಕಂಡಂತೆ ಮೊದಲ ತಿಂಗಳುಗಳ ತೊಂದರೆಗಳಲ್ಲಿ ಹೆಚ್ಚಿನವು ನಮಗೆಲ್ಲ ಚೆನ್ನಾಗಿ ಪರಿಚಯವಿರುವ ಸಣ್ಣ ಸಾಮಾನುಗಳವು: 24 ವೋಲ್ಟಿನ ಬ್ಯಾಟರಿ, ನೀರು ಕುಡಿದ ಕನೆಕ್ಟರ್, ಮಸಿ ಕಟ್ಟಿದ ಫಿಲ್ಟರ್. ಇವನ್ನು ಕ್ರಮವಾಗಿ ನೋಡುವವರಿಲ್ಲದೆ ಒಳ್ಳೆಯ ಬಸ್ಸು ಮೂಲೆ ಸೇರಿ, ಒಂದೊಂದೇ ಬಿಡಿಭಾಗ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಅದಕ್ಕಾಗಿಯೇ ಗ್ಯಾರೇಜಿನ ಹುಡುಗರಿಗೂ ಚಾಲಕರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಜೀವದ ಮಾತು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದಕ್ಕೆ. ಅದರಲ್ಲಿ ಹರಿಯುವುದು ನೂರಾರು ವೋಲ್ಟಿನ ವಿದ್ಯುತ್. ಅದನ್ನು ಮುಟ್ಟುವ ಅಧಿಕಾರ ತರಬೇತಿ ಪಡೆದವರಿಗೆ ಮಾತ್ರ. ಅವರೂ ದೊಡ್ಡ ಬ್ಯಾಟರಿಯ ಲೈನನ್ನು ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡು, ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರ್ ಹಿಡಿದು ವೋಲ್ಟೇಜ್ ಇಳಿದಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಟ್ಟಬೇಕು. ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರಿನೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೀಟರ್ ಮತ್ತು ಅದರ ವೈರುಗಳು 1000 ವೋಲ್ಟ್ ತಾಳುವಂಥವೇ ಆಗಬೇಕು. ರಬ್ಬರ್ ಕೈಗವಸನ್ನು ಪ್ರತಿ ಸಲವೂ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ, ಗಾಳಿ ಸೋರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಸೂಜಿಮೊನೆಯಷ್ಟು ತೂತಿದ್ದರೂ ಅದು ಕಸಕ್ಕೆ.

ಈಗ ಕೆಲಸಕ್ಕೆ ಬರೋಣ. ಬೆಳಿಗ್ಗೆ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಹತ್ತಿ, ಬಸ್ಸು ಮಾತ್ರ ಹೊರಡಲು ಸಿದ್ಧವಾಗದಿದ್ದರೆ ಮೊದಲು 24 ವೋಲ್ಟಿನ ಬ್ಯಾಟರಿ ನೋಡಿ. ದೊಡ್ಡ ಬ್ಯಾಟರಿಯನ್ನು ಬಸ್ಸಿಗೆ ಜೋಡಿಸುವ ಕಾಂಟ್ಯಾಕ್ಟರುಗಳು ಎಳೆದುಕೊಳ್ಳುವುದೇ ಈ ಚಿಕ್ಕ ಬ್ಯಾಟರಿಯ ಬಲದಿಂದ. ಇದು ಸೊರಗಿದರೆ ದೊಡ್ಡದರಲ್ಲಿ ಎಷ್ಟು ಚಾರ್ಜ್ ಇದ್ದರೂ ಪ್ರಯೋಜನವಿಲ್ಲ. ರಾತ್ರಿಯಿಡೀ ನಿಂತ ಬಸ್ಸಿನಲ್ಲಿ 25.4 ವೋಲ್ಟಿನ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 24ಕ್ಕೆ ಬಂದಿದ್ದರೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದೆ. ಬಸ್ಸು ಚಾಲೂ ಇರುವಾಗ 27.5ರಿಂದ 28.5ರವರೆಗೆ ಏರಬೇಕು. ಏರದಿದ್ದರೆ ಆಲ್ಟರ್ನೇಟರ್ ಹುಡುಕಿ ಸುಸ್ತಾಗಬೇಡಿ. ಅನೇಕ ಹೈಬ್ರಿಡ್ ಮಾದರಿಗಳಲ್ಲಿ ಚಾರ್ಜ್ ಮಾಡುವ ಆ ಕೆಲಸವನ್ನು ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಡಿಸಿ-ಡಿಸಿ ಕನ್ವರ್ಟರ್ ಮಾಡುತ್ತದೆ. ಅದರ ಫ್ಯೂಸ್ ಮತ್ತು ಅರ್ತ್ ಬೋಲ್ಟನ್ನು ನೋಡಿ. ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ರಾತ್ರಿ ಯಾವುದು ಉರಿಯುತ್ತಲೇ ಇದೆ ಎಂದು ಹುಡುಕಬೇಕು. ಕ್ಯಾಮೆರಾ, ಜಿಪಿಎಸ್, ಮಾರ್ಗಫಲಕದ ಎಲ್‌ಇಡಿ, ಇವುಗಳಲ್ಲಿ ಯಾವುದೋ ಒಂದನ್ನು ಕೀ ಮೂಲಕ ಬಾರದ ನೇರ ಲೈನಿಗೆ ಕಟ್ಟಿರುತ್ತಾರೆ.

ಎರಡನೆಯದು ನಮ್ಮ ಊರಿನ ಮಳೆ. ಸಕಲೇಶಪುರದ ಕಡೆಯಿಂದ ಮೋಡ ಕವಿದು ಜಿಟಿಜಿಟಿ ಹಿಡಿಯಿತೆಂದರೆ ಹಾಸನದಲ್ಲಿ ಬಟ್ಟೆಯೂ ಒಣಗುವುದಿಲ್ಲ, ಕನೆಕ್ಟರೂ ಒಣಗುವುದಿಲ್ಲ. ಹೈಬ್ರಿಡ್ ಬಸ್ಸಿನಲ್ಲಿ ಹೈವೋಲ್ಟೇಜ್ ಲೈನು ಬಸ್ಸಿನ ಲೋಹದ ಮೈಗೆ ತಾಗದಂತೆ ಪ್ರತ್ಯೇಕವಾಗಿರಬೇಕು, ಅದನ್ನು ಕಾಯಲು ಒಂದು ಮಾನಿಟರ್ ಇರುತ್ತದೆ. ಇನ್ಸುಲೇಷನ್, ಅಂದರೆ ವಿದ್ಯುತ್ ಸೋರದಂತೆ ತಡೆಯುವ ಶಕ್ತಿ, ಕನಿಷ್ಠ ಎಷ್ಟಿರಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ನಿಯಮವಿದೆ: ಡಿಸಿ ಭಾಗಕ್ಕೆ ಪ್ರತಿ ವೋಲ್ಟಿಗೆ 100 ಓಮ್, ಎಸಿ ಭಾಗಕ್ಕೆ 500 ಓಮ್. 600 ವೋಲ್ಟಿನ ಬಸ್ಸಿಗೆ ಲೆಕ್ಕ ಹಾಕಿದರೆ 60 ಸಾವಿರ ಮತ್ತು 3 ಲಕ್ಷ ಓಮ್. ಒಳ್ಳೆಯ ಸ್ಥಿತಿಯಲ್ಲಿರುವ ಬಸ್ಸು ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಒಂದು ಕನೆಕ್ಟರಿನೊಳಗೆ ತೇವ ಸೇರಿದರೂ ಅಂಕಿ ದಡದಡನೆ ಇಳಿದು ಎಚ್ಚರಿಕೆ ದೀಪ ಹತ್ತುತ್ತದೆ.

ಈ ದೋಷದ ಗುರುತು ಸಿಗುವುದು ಸಮಯದಿಂದ. ಬೆಳಿಗ್ಗೆ ಆರು ಗಂಟೆಗೆ ದೀಪ ಹತ್ತಿ, ಹನ್ನೊಂದರ ಬಿಸಿಲಿಗೆ ತಾನೇ ಆರಿದರೆ ತೇವವೆಂದೇ ತಿಳಿಯಿರಿ. ಬಸ್ಸು ತೊಳೆದ ಮರುದಿನ ಹತ್ತಿದರೆ ಪೈಪು ಹಿಡಿದವರನ್ನು ಕರೆದು ಮಾತನಾಡಿ. ಒತ್ತಡದ ನೀರನ್ನು ಛಾವಣಿಯ ಪೆಟ್ಟಿಗೆಗಳಿಗೂ ಕಿತ್ತಳೆ ಕೇಬಲ್ಲಿನ ಕೊನೆಗಳಿಗೂ ನೇರವಾಗಿ ಹೊಡೆಯಬಾರದು. ಅಧಿಕಾರವುಳ್ಳವರು ಕನೆಕ್ಟರ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ರಬ್ಬರ್ ಸೀಲಿನ ಅಂಚನ್ನು ಟಾರ್ಚ್ ಹಾಕಿ ನೋಡಿ. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಆ ಅಂಚು ಒಂದು ಕಡೆ ಒಳಕ್ಕೆ ಮಡಚಿಕೊಂಡಿರುವುದುಂಟು. ಮಡಚಿದ ಜಾಗಕ್ಕೆ ಸರಿಯಾಗಿ ಒಳಗಿನ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಒರೆಸಿ ಒಣಗಿಸಿ ಹಾಕಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಸೀಲನ್ನೇ ಬದಲಾಯಿಸಬೇಕು.

ಇನ್ನು ಎಂಜಿನ್. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಹೊಗೆ ನಿಯಮ ಬಂದಿದೆ, ಡೀಸೆಲ್ ಬಸ್ಸಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಉರಿದು ಹೋಗಲು ಫಿಲ್ಟರ್ 600 ಡಿಗ್ರಿಯ ಹತ್ತಿರ ಕಾಯಬೇಕು. ಹೈಬ್ರಿಡ್ ಬಸ್ಸಿನ ಎಂಜಿನ್ ಹೊಸ ಬಸ್ ನಿಲ್ದಾಣದಿಂದ ಎನ್.ಆರ್. ವೃತ್ತಕ್ಕೆ ಬರುವಷ್ಟರಲ್ಲಿ ನಾಲ್ಕಾರು ಸಲ ನಿಂತು ಹೊರಟಿರುತ್ತದೆ. ಡೀಸೆಲ್ ಉಳಿಸುವ ಈ ಗುಣವೇ ಫಿಲ್ಟರಿಗೆ ಮುಳುವಾಗುತ್ತದೆ, ಅದು ಕಾಯುವುದೇ ಇಲ್ಲ. ಬಸ್ಸು ತಾನಾಗಿ ಮಸಿ ಸುಡಲು ಆರಂಭಿಸಿದಾಗ ಚಾಲಕ ನಿಲ್ದಾಣಕ್ಕೆ ಬಂದು ಕೀ ತೆಗೆದುಬಿಡುತ್ತಾನೆ. ಹೀಗೆ ಅರ್ಧಕ್ಕೆ ನಿಂತು ನಿಂತು ಕೊನೆಗೊಂದು ದಿನ ಬಸ್ಸು ಎಳೆಯುವುದನ್ನೇ ಬಿಡುತ್ತದೆ.

ನನ್ನ ಸಲಹೆ: ಮಸಿ ಸುಡುವ ದೀಪ ಹತ್ತಿದ್ದರೆ ಕೀ ತೆಗೆಯಬೇಡಿ. ಅದು ಆರುವವರೆಗೆ ಓಡಲು ಬಿಡಿ. ವಾರಕ್ಕೊಮ್ಮೆ ಚನ್ನರಾಯಪಟ್ಟಣದ ಕಡೆಗಿನ ಹೆದ್ದಾರಿಯಲ್ಲಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿ ತಂದರೆ ಫಿಲ್ಟರ್ ಎಷ್ಟೋ ಹಗುರಾಗುತ್ತದೆ. ನಿಲ್ಲಿಸಿಯೇ ಸುಡಬೇಕಾಗಿ ಬಂದರೆ ಒಣಹುಲ್ಲು, ಕಸ ಇಲ್ಲದ ಬಯಲಿನಲ್ಲಿ ನಿಲ್ಲಿಸಿ, ಹಿಂದೆ ಯಾರೂ ಸುಳಿಯದಂತೆ ಒಬ್ಬರನ್ನು ಕಾವಲಿಗಿಡಿ. ಡಿಪ್‌ಸ್ಟಿಕ್ಕನ್ನೂ ಮರೆಯಬೇಡಿ. ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಗುರುತಿಗಿಂತ ಮೇಲೇರಿ, ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ ಮಸಿ ಸುಡಲೆಂದು ಸಿಂಪಡಿಸಿದ ಡೀಸೆಲ್, ಸುಡುವಿಕೆ ಅರ್ಧಕ್ಕೆ ನಿಂತು, ಆಯಿಲಿಗೆ ಇಳಿದಿದೆ ಎಂದರ್ಥ. ಆಯಿಲ್ ಬದಲಾಯಿಸದೆ ಆ ಬಸ್ಸನ್ನು ಹೊರಗೆ ಬಿಡಬಾರದು.

ಒಂದೇ ಸಲಕ್ಕೆ ಹತ್ತು ದೀಪಗಳು ಹತ್ತಿ, ಹಳ್ಳಕ್ಕೆ ಚಕ್ರ ಇಳಿದಾಗ ಆರಿ, ಮತ್ತೆ ಹತ್ತುವ ಬಸ್ಸುಗಳೂ ಇವೆ. ಹತ್ತು ಭಾಗ ಒಟ್ಟಿಗೆ ಕೆಡುವುದಿಲ್ಲ. ಅವುಗಳ ನಡುವೆ ಸುದ್ದಿ ಸಾಗಿಸುವ ಕ್ಯಾನ್ ವೈರು ಎಲ್ಲೋ ಸಡಿಲವಾಗಿದೆ. ಕೀ ತೆಗೆದು, 24 ವೋಲ್ಟ್ ಸ್ವಿಚ್ ಆಫ್ ಮಾಡಿ, ದೋಷದ ಕೋಡ್ ಓದುವ ಡಯಾಗ್ನೋಸ್ಟಿಕ್ ಸಾಕೆಟ್ಟಿನ ಕ್ಯಾನ್ ಪಿನ್ನುಗಳೆರಡರ ನಡುವೆ ಓಮ್ ಅಳೆಯಿರಿ. ಲೈನಿನ ಎರಡು ತುದಿಗಳಲ್ಲೂ 120 ಓಮಿನ ರೆಸಿಸ್ಟರ್ ಇರುವುದರಿಂದ ಮೀಟರ್ 60ರ ಆಸುಪಾಸು ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕಡಿದಿದೆ. ಮೀಟರ್ ಹಿಡಿದಿರುವಾಗಲೇ ಸಹಾಯಕ ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಿಸಲಿ. ಅಂಕಿ ಜಿಗಿದ ಜಾಗದಲ್ಲೇ ಕಾಯಿಲೆ.

ಚಾಲಕರಿಗೆ ಎರಡು ಮಾತು. ನಿಲ್ದಾಣದಲ್ಲಿ ಎಂಜಿನ್ ಸದ್ದು ನಿಂತರೆ ಬಸ್ಸು ಆಫ್ ಆಗಿಲ್ಲ, ಮತ್ತೆ ಸೆಲ್ಫ್ ಹೊಡೆಯಬೇಡಿ. ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಿದರೆ ಮೋಟರ್ ಜನರೇಟರಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ಸೇರಿಸುತ್ತದೆ. ಹತ್ತಿರ ಬಂದು ಜೋರಾಗಿ ತುಳಿದರೆ ಏರ್ ಬ್ರೇಕಿನ ಲೈನರ್ ಸವೆಯುತ್ತದೆ ಅಷ್ಟೇ. ಬ್ಯಾಟರಿ ತುಂಬಿದ್ದಾಗ ಮೋಟರಿನ ಹಿಡಿತ ಕಡಿಮೆಯಾಗುವುದುಂಟು. ಅದು ದೋಷವಲ್ಲ, ಆದರೆ ಇಳಿಜಾರಿನಲ್ಲಿ ಅಂತರ ಹೆಚ್ಚು ಬಿಡಿ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಕಾಲಿಡಲೂ ಜಾಗವಿಲ್ಲದಂತೆ ತುಂಬಿದ ಬಸ್ಸಿಗಂತೂ ಇದು ಕಡ್ಡಾಯ.

ದೊಡ್ಡ ಬ್ಯಾಟರಿ ಕೆಡುವುದೇ ಇಲ್ಲ ಎನ್ನುತ್ತಿಲ್ಲ. ಲಂಡನ್ನಿನಲ್ಲಿ 2012ರಲ್ಲಿ ರಸ್ತೆಗಿಳಿದ ಹೊಸ ರೂಟ್‌ಮಾಸ್ಟರ್ ಹೈಬ್ರಿಡ್ ಬಸ್ಸುಗಳಲ್ಲಿ ಹಲವು, ಬ್ಯಾಟರಿ ದೋಷದಿಂದ ಬಹುಪಾಲು ಡೀಸೆಲ್ಲಿನಲ್ಲೇ ಓಡಬೇಕಾಯಿತು. ಅಂಥ ದೋಷ ಬಂದಾಗ ವಾರಂಟಿಯಲ್ಲಿ ನ್ಯಾಯ ಸಿಗಬೇಕಾದರೆ ನಿಮ್ಮ ಕೈಯಲ್ಲಿ ದಾಖಲೆ ಇರಬೇಕು. ಆದ್ದರಿಂದ ದೋಷದ ಕೋಡನ್ನು ಅಳಿಸುವ ಮೊದಲು ಬರೆದುಕೊಳ್ಳಿ. ಆ ಕೋಡಿನಲ್ಲಿ ಎಸ್‌ಪಿಎನ್ ಸಂಖ್ಯೆ ಯಾವ ಭಾಗ ಎಂದು ಹೇಳುತ್ತದೆ, ಎಫ್‌ಎಂಐ ಸಂಖ್ಯೆ ಹೇಗೆ ಕೆಟ್ಟಿದೆ ಎಂದು: 3 ಇದ್ದರೆ ವೋಲ್ಟೇಜ್ ಹೆಚ್ಚು, 4 ಇದ್ದರೆ ಕಡಿಮೆ, 5 ಇದ್ದರೆ ಲೈನು ತುಂಡಾಗಿರುವ ಸಂಭವ ಹೆಚ್ಚು. ಪಕ್ಕದಲ್ಲೇ ಕಿಲೋಮೀಟರ್, ಗಂಟೆ, ಮಳೆ ಇತ್ತೇ ಇಲ್ಲವೇ, ಬಸ್ಸು ಎಲ್ಲಿತ್ತು, ಬ್ಯಾಟರಿ ಚಾರ್ಜ್ ಎಷ್ಟಿತ್ತು ಎಂಬುದನ್ನೂ ಬರೆಯಿರಿ. ‘ಪಿಕಪ್ ಇಲ್ಲ’ ಎಂದಷ್ಟೇ ಬರೆದ ಪುಸ್ತಕದಿಂದ ಯಾವ ಎಂಜಿನಿಯರನಿಗೂ ಏನೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಂಪನಿಯವರು ಸಾಫ್ಟ್‌ವೇರ್ ಬದಲಾಯಿಸಿ ಹೋದ ದಿನವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಹೊಸ ಆವೃತ್ತಿಯ ಸಂಖ್ಯೆಯನ್ನು ಅವರ ಕೈಯಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.