ನಾಯಿ ಊಟದ ಚೀಲ: ಕಾಳಿನ ವ್ಯಾಪಾರ ನನಗೆ ಕಲಿಸಿದ್ದು

ಕೊಪ್ಪಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ, ಖರೀದಿ ಎರಡನ್ನೂ ನೋಡಿಕೊಳ್ಳುತ್ತೇನೆ. ಗೋವಿನಜೋಳ, ಶೇಂಗಾ, ಸಜ್ಜೆ ದಿನಾ ಕೈಗೆ ಬರುತ್ತವೆ. ಮನೆಯಲ್ಲಿ ಎರಡು ನಾಯಿ ಇವೆ. ಬೀದಿಯಿಂದ ಬಂದು ನಮ್ಮಲ್ಲೇ ಉಳಿದ ಕರಿಯ, ಮತ್ತೆ ಲ್ಯಾಬ್ರಡಾರ್ ಹೆಣ್ಣು ಚಿನ್ನಿ. ನಾಯಿ ಸಾಕಿದ ಗೆಳೆಯರು ಸಿಕ್ಕಾಗಲೆಲ್ಲ ಕೇಳುತ್ತಾರೆ, ಯಾವ ಕಂಪನಿ ಫುಡ್ ಒಳ್ಳೇದು ಅಂತ. ನಾನು ಕಂಪನಿ ಹೆಸರು ಹೇಳುವುದಿಲ್ಲ. ನೀವು ತರುವ ಚೀಲ ತೋರಿಸಿ, ಅದನ್ನು ಎಲ್ಲಿ ಇಡುತ್ತೀರಿ ಹೇಳಿ ಅನ್ನುತ್ತೇನೆ. ನನ್ನ ಮಟ್ಟಿಗೆ ಅರ್ಧ ಉತ್ತರ ಅಲ್ಲೇ ಇದೆ.

ಡ್ರೈ ಫುಡ್ಡಿನ ಚೀಲ ತಿರುಗಿಸಿ ಓದಿ. ಬಹಳಷ್ಟು ಕಡೆ ಗೋವಿನಜೋಳ, ಅಕ್ಕಿ, ಗೋಧಿ, ಸೋಯಾ ಇದ್ದೇ ಇರುತ್ತವೆ. ಅಂದರೆ ನಮ್ಮ ಮಾರ್ಕೆಟ್ಟಿಗೆ ಬರುವಂಥ ಮಾಲೇ ಮಾಂಸದ ಪುಡಿ, ಕೊಬ್ಬಿನ ಜೊತೆ ಸೇರಿ ನಾಯಿಯ ತಟ್ಟೆಗೆ ಹೋಗುತ್ತದೆ. ಸುಗ್ಗಿ ಹೊತ್ತಿಗೆ ಯಲಬುರ್ಗಾ, ಕುಷ್ಟಗಿ ಕಡೆ ಹೋದರೆ ರಸ್ತೆಯ ಮೇಲೆಲ್ಲ ಗೋವಿನಜೋಳ ಹರವಿರುತ್ತಾರೆ. ಸಂಜೆ ಮೋಡ ಕಟ್ಟಿದರೆ ತಾಡಪಾಲು ಹೊದಿಸುತ್ತಾರೆ. ಜಿಟಿಜಿಟಿ ಮಳೆ ಹಿಡಿದು ಬಿಸಿಲು ಬಾರದಿದ್ದರೆ ತಾಡಪಾಲಿನ ಕೆಳಗೆ ರಾಶಿ ಕಾವು ಹಿಡಿಯುತ್ತದೆ. ಒಳಗೆ ಕೈ ಹಾಕಿದರೆ ಬೆಚ್ಚಗೆ ಹತ್ತುತ್ತದೆ. ನಾಲ್ಕು ಕಾಳು ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಮೊಳಕೆ ಇರುವ ತುದಿಯಲ್ಲಿ ಹಸಿರು ಹಳದಿ ಪುಡಿ ಕೂತಿರುತ್ತದೆ. ಆ ಬೂಷ್ಟಿನ ಹೆಸರು ಆಸ್ಪರ್ಜಿಲ್ಲಸ್ ಫ್ಲೇವಸ್. ಅದು ಬಿಡುವ, ಲಿವರ್ ಕೆಡಿಸುವ ವಿಷ ಅಫ್ಲಾಟಾಕ್ಸಿನ್.

ಮಾರ್ಕೆಟ್ಟಿನಲ್ಲಿ ಮಾಯಿಶ್ಚರ್, ಅಂದರೆ ಕಾಳಿನ ತೇವ, ಶೇಕಡಾ 14ರ ಮೇಲೆ ಹೋದರೆ ರೇಟು ಇಳಿಸುವುದು ಸುಮ್ನೆ ಅಲ್ಲ. ಹಸಿ ಇದ್ದ ಕಾಳು ಗೋಡೌನಿನಲ್ಲಿ ಇನ್ನೂ ಕೆಡುತ್ತದೆ. ನಮ್ಮಲ್ಲಿಗೆ ಬರುವ ಕೋಳಿ ಫೀಡಿನ ಖರೀದಿದಾರರು ಇದನ್ನು ಚೆನ್ನಾಗಿ ಬಲ್ಲರು. ಕೆಲವರು ಯುವಿ ದೀಪ ತರುತ್ತಾರೆ. ಒಡೆದ ಕಾಳಿನ ಮೇಲೆ ಹಿಡಿದರೆ ಬೂಷ್ಟು ಹಿಡಿದದ್ದು ಹಸಿರು ಹಳದಿ ಹೊಳೆಯುತ್ತದೆ. ಅದು ಬೂಷ್ಟಿನ ಸುಳಿವು ಮಾತ್ರ, ವಿಷ ಎಷ್ಟಿದೆ ಅಂತ ಹೇಳುವುದಿಲ್ಲ. ಮನೆಯಲ್ಲಿ ಡಾಗ್ ಫುಡ್ ಮೇಲೆ ಅಂಥ ದೀಪ ಹಿಡಿದು ಧೈರ್ಯ ತಂದುಕೊಳ್ಳಬೇಡಿ.

ಎಷ್ಟು ವಿಷ ಇದ್ದರೆ ಜಾಸ್ತಿ? ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಇಟ್ಟ ಮಿತಿ ನೂರು ಕೋಟಿಯಲ್ಲಿ 20 ಪಾಲು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ 50 ಕಿಲೋ ಚೀಲಕ್ಕೆ 1 ಮಿಲಿಗ್ರಾಂ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಅದೂ ಎಲ್ಲ ಕಡೆ ಸಮ ಹರಡಿರುವುದಿಲ್ಲ. ಒಂದು ಲಾರಿ ಮಾಲಿನಲ್ಲಿ ಕೆಲವೇ ಚೀಲಗಳಲ್ಲಿ, ಆ ಚೀಲದಲ್ಲೂ ಒಂದು ಮೂಲೆಯಲ್ಲಿ ಇರಬಹುದು. ಸ್ಯಾಂಪಲ್ ತೆಗೆದ ಜಾಗದಲ್ಲಿ ಸಿಗದಿದ್ದರೆ ಮಾಲು ಪಾಸಾಗಿಬಿಡುತ್ತದೆ. ಕುದಿಸಿದರೆ, ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ. ಫ್ಯಾಕ್ಟರಿಯಲ್ಲಿ ಬೇಯಿಸಿಯೇ ಮಾಡುತ್ತಾರಲ್ಲ ಅನ್ನುತ್ತಾರೆ.

ಇದು ಹೊಸ ವಿಷಯವೂ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಈ ವಿಷದ ಮೂಲ ಸಿಕ್ಕಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನದ ಬಾನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಭಾಗದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕಾಮಾಲೆ, ಹೊಟ್ಟೆಯಲ್ಲಿ ನೀರು. ಅದೇ ಮನೆಗಳ ನಾಯಿಗಳಿಗೂ ಅದೇ ರೋಗ ಬಂದಿತ್ತು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಒಂದು ಕಂಪನಿಯ ಡ್ರೈ ಫುಡ್‌ನಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಮರುವರ್ಷದ ಜನವರಿ ಹೊತ್ತಿಗೆ ಆಹಾರ, ಔಷಧದ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ ಲೆಕ್ಕದಲ್ಲಿ 110ಕ್ಕೂ ಹೆಚ್ಚು ನಾಯಿಗಳು ಸತ್ತಿದ್ದವು. ಆ ಫುಡ್ಡಿನ ಮೂಲವೂ ಕಾಳೇ.

ಕಾಳಿನ ವಿಷ ಬೇರೆ, ಬೇಕಂತಲೇ ಮಾಡಿದ ಕಲಬೆರಕೆ ಬೇರೆ. 2007ರಲ್ಲಿ ನಾಯಿ, ಬೆಕ್ಕಿನ ಫುಡ್ಡಿಗೆ ಹಾಕಲು ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಗ್ಲುಟೆನ್‌ಗೆ (ಗೋಧಿಯ ಪ್ರೊಟೀನ್ ಪುಡಿ) ಮೆಲಮೈನ್ ಅನ್ನುವ, ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ ಬೆರೆಸಿದ್ದರು. ಲ್ಯಾಬಿನಲ್ಲಿ ಪ್ರೊಟೀನನ್ನು ನೇರವಾಗಿ ಅಳೆಯುವುದಿಲ್ಲ, ನೈಟ್ರೋಜನ್ ಅಳೆದು ಲೆಕ್ಕ ಹಾಕುತ್ತಾರೆ. ಮೆಲಮೈನ್‌ನಲ್ಲಿ ನೈಟ್ರೋಜನ್ ಜಾಸ್ತಿ. ಹಾಕಿದರೆ ಕಾಗದದ ಮೇಲೆ ಪ್ರೊಟೀನ್ ಏರುತ್ತದೆ, ರೇಟು ಏರುತ್ತದೆ. ಆದರೆ ಅದು ಸಯನ್ಯೂರಿಕ್ ಆಸಿಡ್ ಅನ್ನುವ ಇನ್ನೊಂದು ರಾಸಾಯನಿಕದ ಜೊತೆ ಸೇರಿ ನಾಯಿ, ಬೆಕ್ಕುಗಳ ಕಿಡ್ನಿಯಲ್ಲಿ ಹರಳು ಕಟ್ಟಿತು. ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಡಬ್ಬಿ, ಪೊಟ್ಟಣ ವಾಪಸ್ ತೆಗೆದುಕೊಂಡರು. ಮರುವರ್ಷ ಅದೇ ಮೆಲಮೈನ್ ಚೀನಾದಲ್ಲಿ ಕೂಸುಗಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ನಾಯಿಗಳು ಸತ್ತಾಗಲೇ ಜಗತ್ತು ಎಚ್ಚೆತ್ತಿದ್ದರೆ ಅನ್ನಿಸಿ ಇವತ್ತಿಗೂ ಸಂಕಟವಾಗುತ್ತದೆ.

2020ರ, 2007ರ ಈ ಎರಡೂ ಕಥೆಯಲ್ಲಿ ನಾನು ಗಮನಿಸಿದ್ದು ಒಂದು. ಚೀಲದ ಮೇಲೆ ಬ್ಯಾಚ್ ನಂಬರ್ ಇತ್ತು. ಅದಕ್ಕೇ ಯಾವ ಮಾಲು, ಯಾವ ದಿನದ್ದು ಅಂತ ಹಿಡಿಯಲು ಆಯಿತು. ಉಳಿದ ಚೀಲಗಳನ್ನು ಅಂಗಡಿಯಿಂದ ತೆಗೆಸಲು ಆಯಿತು.

ನಮ್ಮ ಕಡೆ ಏನಾಗುತ್ತದೆ ಅಂದರೆ, ಡಾಗ್ ಫುಡ್ ಲೂಸ್ ಮಾರುತ್ತಾರೆ. 20 ಕಿಲೋ ಚೀಲದ ಬಾಯಿ ಕತ್ತರಿಸಿ ಅಂಗಡಿ ಮುಂದೆ ಇಟ್ಟಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕೊಬ್ಬು ಕಮಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಹೀರುತ್ತದೆ. ಹಳೇ ಮಾಲಿನ ಮೇಲೆ ಹೊಸ ಚೀಲ ಸುರಿಯುತ್ತಾರೆ. ಗಂಗಾವತಿಯ ನಮ್ಮ ಅಕ್ಕನ ಮನೆಯಲ್ಲಿ ರಾಜ ಅಂತ ನಾಯಿ ಇತ್ತು. ಅವರ ಓಣಿಯ ಅಂಗಡಿಯಿಂದ ಹೀಗೆ ಲೂಸ್ ತರುತ್ತಿದ್ದರು. ಒಂದು ಮಳೆಗಾಲ ಅದು ಊಟ ಬಿಟ್ಟಿತು, ವಾಂತಿ ಮಾಡಿತು. ಅಕ್ಕನ ಮಗಳು ಫೋನ್ ಮಾಡಿ "ಮಾಮಾ, ರಾಜನ ಕಣ್ಣು ಹಳದಿ ಆಗ್ಯಾವು, ಉಚ್ಚಿ ಚಹಾದ ಬಣ್ಣ ಐತಿ" ಅಂದಳು. ನಾನು ಹೋದಾಗ ತುಟಿ ಮೇಲೆತ್ತಿ ನೋಡಿದೆ. ವಸಡು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಲಿವರ್ ಕೈಕೊಟ್ಟಿದೆ, ಊಟದ ಮೇಲೆ ಅನುಮಾನ ಇದೆ ಅಂತ ಡಾಕ್ಟರ್ ಹೇಳಿದರು. "ಯಾವ ಫುಡ್, ಯಾವ ಬ್ಯಾಚ್?" ಅಂತ ಕೇಳಿದರು. ಅಕ್ಕನ ಕೈಯಲ್ಲಿ ಇದ್ದದ್ದು ಹೆಸರಿಲ್ಲದ ಒಂದು ಪ್ಲಾಸ್ಟಿಕ್ ಚೀಲ. ಅಂಗಡಿಯಲ್ಲಿ ಮೂಲ ಚೀಲ ಆಗಲೇ ಖಾಲಿಯಾಗಿ ಹೋಗಿತ್ತು. ರಾಜ ಉಳಿಯಲಿಲ್ಲ. ಊಟದಿಂದಲೇ ಹೋಯಿತು ಅಂತ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಆ ಅಂಗಡಿಯಿಂದ ಲೂಸ್ ಒಯ್ದ ಬೇರೆ ಮನೆಗಳಿಗೆ ಏನು ಅಂತ ಹೇಳುವುದು?

ಅಂದಿನಿಂದ ನನ್ನ ಪದ್ಧತಿ ಗಟ್ಟಿಯಾಯಿತು. ಲೂಸ್ ಬೇಡವೇ ಬೇಡ. ಸೀಲ್ ಇರುವ ಚಿಕ್ಕ ಪ್ಯಾಕ್ ತರುತ್ತೇನೆ, ಒಂದು ತಿಂಗಳೊಳಗೆ ಮುಗಿಯುವಷ್ಟು. ದೊಡ್ಡ ಚೀಲ ಕಿಲೋಗೆ ಅಗ್ಗ ಬೀಳುತ್ತದೆ ನಿಜ. ಆದರೆ ಒಂದೇ ನಾಯಿ ಇರುವ ಮನೆಯಲ್ಲಿ ಅದು ಮುಗಿಯುವ ಹೊತ್ತಿಗೆ ತಳದ ಮಾಲು ಎಷ್ಟು ಸಲ ಗಾಳಿ ಕುಡಿದಿರುತ್ತದೆ, ಯೋಚಿಸಿ. ಕೊಳ್ಳುವಾಗ ತಯಾರಾದ ತಿಂಗಳು, ಬ್ಯಾಚ್ ನಂಬರ್, ತಯಾರಕರ ಅಥವಾ ಆಮದು ಮಾಡಿದವರ ವಿಳಾಸ ನೋಡುತ್ತೇನೆ. ಮೇಲೆ ಸ್ಟಿಕ್ಕರ್ ಅಂಟಿಸಿ ತಾರೀಕು ಮುಚ್ಚಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ನಾಯಿ ಬೆಕ್ಕಿನ ಆಹಾರಕ್ಕೆ, ಮಾಲಿನ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನವರ ಐಎಸ್ 11968 ಅನ್ನುವ ಮಾನದಂಡ ಇದೆ. ಚೀಲದ ಮೇಲೆ ಆ ನಂಬರ್ ಕಂಡರೆ ಒಳ್ಳೇದು. ಅದಿದ್ದ ಮಾತ್ರಕ್ಕೆ ಅಂಗಡಿಯವನು ಬಿಸಿಲಲ್ಲಿ ಇಟ್ಟದ್ದು ಸರಿಹೋಗುವುದಿಲ್ಲ.

ಮನೆಗೆ ತಂದ ಮೇಲೆ ಫುಡ್ಡನ್ನು ಡಬ್ಬಿಗೆ ಸುರಿಯುವುದಿಲ್ಲ. ಚೀಲ ಸಮೇತ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಇದಕ್ಕೆ ಎರಡು ಕಾರಣ. ಬ್ಯಾಚ್ ನಂಬರ್ ಕೊನೇ ಕಾಳಿನವರೆಗೂ ಜೊತೆಗಿರುತ್ತದೆ. ಮತ್ತೆ, ಡಬ್ಬಿಯ ಗೋಡೆಗೆ ಹತ್ತಿದ ಹಳೇ ಜಿಡ್ಡು ಹೊಸ ಮಾಲನ್ನು ಕೆಡಿಸುವುದಿಲ್ಲ. ತೆಗೆದ ಸಲವೂ ಚೀಲದ ಬಾಯಿ ಮಡಚಿ ಕ್ಲಿಪ್ ಹಾಕುತ್ತೇನೆ. ಡಬ್ಬಿ ಅಡಿಗೆಮನೆಯ ಒಲೆಯಿಂದ ದೂರ, ತಗಡಿನ ಶೆಡ್ಡಿನಲ್ಲಂತೂ ಅಲ್ಲ, ನಡುಮನೆಯ ತಂಪು ಮೂಲೆಯಲ್ಲಿ ಇರುತ್ತದೆ. ಒದ್ದೆ ಕೈ, ಒದ್ದೆ ಚಮಚ ಒಳಗೆ ಹೋಗಬಾರದು. ತಟ್ಟೆ ದಿನಾ ಸೋಪು ಹಾಕಿ ತೊಳೆಯುತ್ತೇವೆ, ಕೈಯನ್ನೂ. ಡ್ರೈ ಫುಡ್‌ನಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ನಾಯಿಗೆ ಏನೂ ಆಗದೆ ಮನೆಯ ಮಕ್ಕಳಿಗೆ ಭೇದಿ ಹಿಡಿಯಬಹುದು. 2012ರಲ್ಲಿ ಅಮೆರಿಕ, ಕೆನಡಾದಲ್ಲಿ ಹಾಗೇ ಆಗಿ ಜನ ಆಸ್ಪತ್ರೆ ಸೇರಿದ್ದರು.

ಇಷ್ಟೆಲ್ಲ ಕೇಳಿದವರು ಮನೆ ಊಟವೇ ವಾಸಿ ಅಲ್ವಾ ಅನ್ನುತ್ತಾರೆ. ಕರಿಯನಿಗೆ ನಾನೂ ಅನ್ನ, ಮೊಟ್ಟೆ, ಕೋಳಿ ಬೇಯಿಸಿ ಹಾಕುತ್ತೇನೆ. ಆದರೆ ಮನೆ ಊಟಕ್ಕೂ ಅದೇ ಕಣ್ಣು ಬೇಕು. ನಮ್ಮ ಕಡೆ ಒಟ್ಟಿಟ್ಟ ಕಟಕ್ ರೊಟ್ಟಿಗೆ ಮಳೆಗಾಲದಲ್ಲಿ ಬೂಷ್ಟು ಬಂದರೆ "ನಾಯಿಗೆ ಹಾಕ್ರೀ" ಅನ್ನುವುದು ರೂಢಿ. ಆರಿಸಿ ಬಿಸಾಡಿದ ಸುಕ್ಕು ಶೇಂಗಾ, ನುಸಿ ಹಿಡಿದ ಜೋಳದ ನುಚ್ಚು ಕೂಡ ನಾಯಿಗೇ ಹೋಗುತ್ತದೆ. ದಯವಿಟ್ಟು ಹಾಕಬೇಡಿ. ನಾವು ತಿನ್ನದ ಬೂಷ್ಟನ್ನು ನಾಯಿಯ ಲಿವರ್ ನಮಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ಅನ್ನುವುದು ಸುಳ್ಳು. ಅಫ್ಲಾಟಾಕ್ಸಿನ್ ವಿಷಯದಲ್ಲಿ ನಾಯಿ ತುಂಬ ಸೂಕ್ಷ್ಮ ಪ್ರಾಣಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆಯೂ ಬೇಡ. ಬರೀ ಅನ್ನ ಕೋಳಿಯಿಂದ ಕ್ಯಾಲ್ಸಿಯಂ ಸಾಲುವುದಿಲ್ಲ, ಅದರಲ್ಲೂ ಮರಿಗಳಿಗೆ. ಡಾಕ್ಟರನ್ನು ಕೇಳಿ ಹೊಂದಿಸಿ.

ಫುಡ್ ಮೇಲೆ ಅನುಮಾನ ಬಂದರೆ ನಾನು ಮಾಡುವುದು ಇಷ್ಟು. ಮೊದಲು ಹಾಕುವುದನ್ನು ನಿಲ್ಲಿಸುತ್ತೇನೆ. ಚೀಲ ಎಸೆಯುವುದಿಲ್ಲ, ಬಾಯಿ ಕಟ್ಟಿ ಮಕ್ಕಳ ಕೈಗೆ ಸಿಗದ ಕಡೆ ಇಡುತ್ತೇನೆ. ಬ್ಯಾಚ್ ನಂಬರಿನ ಫೋಟೋ, ಬಿಲ್ಲಿನ ಫೋಟೋ ತೆಗೆಯುತ್ತೇನೆ. ನಾಯಿಯನ್ನು ತಡಮಾಡದೆ ಡಾಕ್ಟರ್ ಹತ್ತಿರ ಒಯ್ಯುತ್ತೇನೆ. ಅಲ್ಲಿ ಏನು ತಿನ್ನಿಸಿದೆ, ಯಾವಾಗಿನಿಂದ ಅನ್ನುವುದನ್ನು ಕೇಳುವ ಮುಂಚೆಯೇ ಹೇಳಬೇಕು. ನಮ್ಮ ಕಡೆ ನಾಯಿಯ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ ಹುಳ ಜಾಸ್ತಿ. ಸುಸ್ತು, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು ಅಂದರೆ ಮೊದಲು ಉಣ್ಣೆ ಜ್ವರವೇ ನೆನಪಾಗುತ್ತದೆ. ಇಲಿ ಜ್ವರದಲ್ಲೂ ಕಾಮಾಲೆ ಬರುತ್ತದೆ. ರಕ್ತ ಪರೀಕ್ಷೆ ಮಾಡಿಸದೆ ಬೇರ್ಪಡಿಸಲು ಆಗುವುದಿಲ್ಲ. ಅಫ್ಲಾಟಾಕ್ಸಿನ್‌ಗೆ ಪ್ರತ್ಯೇಕ ಮದ್ದಿಲ್ಲ. ಸಲೈನ್, ಲಿವರ್‌ಗೆ ಆಸರೆ ಕೊಡುವ ಔಷಧ, ಅಷ್ಟೇ. ಹಾಗಾಗಿ ಬೇಗ ನಿಲ್ಲಿಸುವುದೇ ದೊಡ್ಡ ಚಿಕಿತ್ಸೆ. ಆಮೇಲೆ ಚೀಲದ ಮೇಲಿನ ಗ್ರಾಹಕರ ನಂಬರಿಗೆ ಫೋನ್ ಮಾಡಿ ದೂರು ಬರೆಸಬೇಕು. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಚಿಕ್ಕ ಪ್ಯಾಕ್ ದುಬಾರಿ ಅನ್ನುವ ಮಾತಿಗೆ ನಮ್ಮ ಬಡಾವಣೆಯಲ್ಲಿ ಒಂದು ದಾರಿ ಮಾಡಿಕೊಂಡಿದ್ದೇವೆ. ನಾಯಿ ಇರುವ ಕೆಲವು ಮನೆಯವರು ಸೇರಿ ಹೊಸಪೇಟೆಯ ಡೀಲರ್ ಹತ್ತಿರ ಚಿಕ್ಕ ಪ್ಯಾಕುಗಳ ಪೂರಾ ಬಾಕ್ಸ್ ತರಿಸುತ್ತೇವೆ. ರೇಟೂ ಇಳಿಯುತ್ತದೆ, ಎಲ್ಲರ ಮನೆಗೂ ಒಂದೇ ಬ್ಯಾಚ್ ಹೋಗುತ್ತದೆ. ಬಾಕ್ಸ್ ಬಿಚ್ಚಿದ ದಿನ ಬ್ಯಾಚ್ ನಂಬರ್ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಯಾವ ಮನೆಯ ನಾಯಿ ಊಟ ಬಿಟ್ಟರೂ ಉಳಿದವರಿಗೆ ಅವತ್ತೇ ಗೊತ್ತಾಗುತ್ತದೆ. ಕಳೆದ ಮಳೆಗಾಲ ಪಕ್ಕದ ಓಣಿಯ ಟೀಚರಮ್ಮನ ನಾಯಿ ಸುಸ್ತಾಗಿ ಮಲಗಿತು. ಅವರು ಗ್ರೂಪಿನಲ್ಲಿ ಹಾಕಿದ ಕೂಡಲೇ ಎಲ್ಲರೂ ಆ ಪ್ಯಾಕ್ ಬದಿಗಿಟ್ಟು ಅನ್ನ, ಮೊಟ್ಟೆಗೆ ಇಳಿದೆವು. ರಕ್ತದ ರಿಪೋರ್ಟ್ ಬಂತು, ಲಿವರ್ ಸರಿ ಇತ್ತು, ಉಣ್ಣೆ ಜ್ವರ ಅಂತ ಗೊತ್ತಾಯಿತು. ಮಾತ್ರೆ ಶುರುವಾದ ಮೇಲೆ ನಾಯಿ ಎದ್ದು ಓಡಾಡಿತು, ನಾವೂ ಪ್ಯಾಕ್ ವಾಪಸ್ ಬಳಕೆಗೆ ತಂದೆವು.