ಸಿಟ್ಟು ಬಂತಾ ಪುಟ್ಟ?

ಮಗು ಎಡವಿ ಬಿದ್ದರೆ ನಮ್ಮ ಕಡೆ ಮೊದಲ ಏಟು ಬೀಳೋದು ನೆಲಕ್ಕೆ. "ನೆಲಕ್ಕೆ ಹೊಡೆದೆ ನೋಡು, ಸುಮ್ನಿರು" ಅಂತ ನನ್ನ ಎರಡು ಮಕ್ಕಳನ್ನೂ ಹಾಗೇ ಬೆಳೆಸಿದ್ದು. ಪಾಪದ ನೆಲ ಏನು ಮಾಡಿತ್ತೋ! ಮೊಮ್ಮಗನ ಹೊತ್ತಿಗೆ ಬುದ್ಧಿ ಬಂತು. "ಬಿದ್ದೆಯಾ? ನೋವಾಯ್ತಾ? ಹೆದರಿಕೆನೂ ಆಯ್ತಲ್ವಾ?" ಅಂತ ಕೇಳಿ ತಬ್ಬಿಕೊಂಡರೆ ಸಾಕು, ಅತ್ತು ಹಗುರಾಗ್ತಾನೆ.

ಎರಡು ವರ್ಷದ ಕೂಸಿಗೆ ಹಾಲು, ಬೇಕು, ಬೇಡ, ಟಾಟಾ ಎಲ್ಲ ಗೊತ್ತು. ಒಳಗೆ ಕುದಿಯೋದಕ್ಕೆ ಮಾತ್ರ ಹೆಸರಿಲ್ಲ. ಅದಕ್ಕೇ ಕಚ್ಚೋದು, ಲೋಟ ಎಸೆಯೋದು. ಆ ಹೆಸರನ್ನ ನಾವೇ ಎತ್ತಿಕೊಡಬೇಕು. ಕನ್ನಡದಲ್ಲಿ ಇದು ಸುಲಭ. ನಮಗೆ ಸಿಟ್ಟು 'ಬರುತ್ತೆ', ಅಳು 'ಬರುತ್ತೆ'. ಬಂದದ್ದು ಹೋಗುತ್ತೆ ಅನ್ನೋದು ಮಗುವಿಗೂ ನಿಧಾನಕ್ಕೆ ತಿಳಿಯುತ್ತೆ. "ಇವನು ಬಲು ಸಿಟ್ಟಿನವನು" ಅಂತ ನೆಂಟರೆದುರು ಹೇಳಿದರೆ ಅದು ಅವನ ಮೈಗೇ ಅಂಟಿಕೊಳ್ಳುತ್ತೆ.

ನೆಲದಲ್ಲಿ ಹೊರಳಾಡಿ ಕಿರುಚುವಾಗ ಪಾಠ ಹೇಳೋಕೆ ಹೋಗಬೇಡಿ, ಕಿವಿಗೇ ಬೀಳಲ್ಲ. ಪಕ್ಕದಲ್ಲಿ ಕೂತು "ಬಣ್ಣದ ಚೆಂಡು ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂದಿದೆ" ಅಂದು ಸುಮ್ಮನಾಗಿ. ಹೊಡೆಯೋಕೆ ಬಂದರೆ ಕೈ ಹಿಡಿದು, "ಸಿಟ್ಟು ಬರಲಿ, ಹೊಡೆಯೋದು ಬೇಡ." ಆಮೇಲೆ "ಯಾಕೆ ಹಾಗ್ಮಾಡ್ದೆ?" ಅಂತ ವಿಚಾರಣೆ ಬೇಡ, ಆ ವಯಸ್ಸಿಗೆ ಯಾಕೆ ಅನ್ನೋದು ತಿಳಿಯಲ್ಲ. "ಸಿಟ್ಟಾ, ಬೇಜಾರಾ?" ಅಂತ ಎರಡರಲ್ಲಿ ಒಂದು ಆರಿಸೋಕೆ ಬಿಡಿ. ಅದಕ್ಕೂ ಮೊದಲು ಹೊಟ್ಟೆ ನೋಡಿ, ನಿದ್ದೆ ನೋಡಿ. ಎಷ್ಟೋ ಸಿಟ್ಟು ಒಂದು ಬಾಳೆಹಣ್ಣಿಗೆ ಇಳಿದದ್ದು ನಾನೇ ಕಂಡಿದ್ದೇನೆ.

ಅಭ್ಯಾಸ ಎಲ್ಲ ನಗುನಗುತ್ತಾ ಇರೋ ಹೊತ್ತಿಗೆ. ತಲೆ ಬಾಚುವಾಗ ಕನ್ನಡಿ ಮುಂದೆ ಮೂತಿ ಊದಿಸಿ, ಕಣ್ಣರಳಿಸಿ, ಮಕ್ಕಳೂ ಮಾಡ್ತಾರೆ. ನಿಮ್ಮದನ್ನೂ ಹೇಳಿ: "ಹಾಲು ಉಕ್ಕಿಹೋಯ್ತು, ಅಜ್ಜಿಗೆ ಬೇಜಾರಾಯ್ತು." ಗಂಡುಮಗು ಅಳಬಾರದು ಅನ್ನೋರನ್ನ ಕಾಫಿ ಕೊಟ್ಟು ಹಾಲ್‌ನಲ್ಲೇ ಕೂರಿಸಿ.

ಗುಮ್ಮನನ್ನೂ ಮನೆಯಿಂದಾಚೆ ಕಳಿಸಿ. ಮಗುವಿಗೆ ತನ್ನದೇ ಹೆದರಿಕೆಗಳು ಸಾಕಷ್ಟಿರುತ್ತವೆ. ನಮ್ಮವನಿಗೆ ಕುಕ್ಕರ್ ಸೀಟಿ ಅಂದ್ರೆ ಮೈ ನಡುಕ. "ಅದರಲ್ಲೇನಿದೆ ಹೆದರೋಕೆ" ಅಂತ ಮನೆಯವರೆಲ್ಲ ನಕ್ಕರೂ ನಡುಕ ನಿಲ್ಲಲಿಲ್ಲ. "ಹೆದರಿಕೆ ಆಯ್ತಾ? ಈಗ ಕೂಗುತ್ತೆ ನೋಡು" ಅಂತ ಮುಂಚೆಯೇ ಹೇಳೋಕೆ ಶುರುಮಾಡಿದೆ. ಈಗ ಕುಕ್ಕರ್ ಇಟ್ಟ ಕೂಡಲೇ "ಅಜ್ಜಿ, ಹೆದ್ಕೆ" ಅಂತ ತಾನೇ ಸೆರಗು ಹಿಡೀತಾನೆ. ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ಸೀಟಿ ಎಣಿಸ್ತೀವಿ. ಮೂರಾದ ಮೇಲೆ ಒಲೆ ಆರಿಸೋಕೆ ಹೇಳೋನು ಅವನೇ.