ನಿಮ್ಮ ಆಟದ ಲೋಕದಲ್ಲಿ ಯಾರಿಗೆ ಆತ್ಮ ಇದೆ? ಮೊದಲೇ ಬರೆದಿಡಿ

ಒಮ್ಮೆ ಪಾತ್ರ ವಹಿಸಿ ಕಥೆ ಕಟ್ಟುವ ಆಟ (ರೋಲ್-ಪ್ಲೇಯಿಂಗ್ ಗೇಮ್) ನಡೆಸುವಾಗ, ಗಾಬ್ಲಿನ್ ಅನ್ನುವ ಕುಳ್ಳ ದುಷ್ಟಜೀವಿಗಳ ಬಗ್ಗೆ ಸುಮ್ನೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಗಾಬ್ಲಿನ್‌ಗಳಿಗೆ ಆತ್ಮ ಇಲ್ಲ." ಎರಡು ವಾರದ ನಂತರ ಆಟಗಾರರಿಗೆ ಪ್ರೀತಿಯ ಗಾಬ್ಲಿನ್ ದಾರಿತೋರುಗ ಸತ್ತ. ಅವನನ್ನು ಬದುಕಿಸಬೇಕು ಅಂದರು. ನಾನೂ ಒಪ್ಪಿದೆ, ಅಂದರೆ ಅವನಿಗೆ ಆತ್ಮ ಇದೆ ಅಂತಾಯಿತು. ಆಗ ಒಬ್ಬಳು ದಾಳ ಕೆಳಗಿಟ್ಟು, "ಹಾಗಾದ್ರೆ ನಾವು ಕೊಂದ ಉಳಿದವರು?" ಅಂದಳು. ಆಟ ಅಲ್ಲಿಗೇ ನಿಂತಿತು.

ಅದಕ್ಕೇ ಮೊದಲು ಆಟದ ನಿಯಮಪುಸ್ತಕದ ಮಂತ್ರಗಳನ್ನು ಓದಿ. ಲೋಕದ ನಿಜವಾದ ಕಾನೂನು ಅಲ್ಲೇ ಇರುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥದೇ ಆಟದ 5ನೇ ಆವೃತ್ತಿಯಲ್ಲಿ, ಸತ್ತವರನ್ನು ಬದುಕಿಸುವ 'ರೇಸ್ ಡೆಡ್' ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಸತ್ತು 10 ದಿನ ದಾಟಿರಬಾರದು. ಮುಖ್ಯವಾಗಿ, ಆತ್ಮ ವಾಪಸ್ ಬರಲು ಒಪ್ಪಬೇಕು. ಒಪ್ಪಿಗೆ ಕೊಡುವವರು ಅಂದರೆ ವ್ಯಕ್ತಿ ತಾನೇ? ಬಡವನ ಮಗು ಸತ್ತರೆ ವಜ್ರ ಯಾರು ಕೊಡುತ್ತಾರೆ ಅನ್ನುವುದನ್ನೂ ಯೋಚಿಸಿ. ನನಗೆ ಅಲ್ಲೇ ಒಳ್ಳೆಯ ಕಥೆಗಳು ಸಿಕ್ಕಿವೆ.

ಆಮೇಲೆ ಆತ್ಮ ಇದೆಯೋ ಇಲ್ಲವೋ ಅನ್ನುವ ಗಡಿಯಲ್ಲಿರುವವರನ್ನು ನೋಡಿ. ಸ್ಕೈರಿಮ್ ಅನ್ನುವ ವಿಡಿಯೋ ಗೇಮ್‌ನಲ್ಲಿ (2011) ಮನುಷ್ಯರಂಥವರ ಆತ್ಮ ಹಿಡಿಯಲು ಕಪ್ಪು ರತ್ನವೇ ಬೇಕು, ತೋಳಕ್ಕೆ ಸಾಮಾನ್ಯ ರತ್ನ ಸಾಕು. ಅಂದರೆ ತೋಳಕ್ಕೂ ಆತ್ಮ ಇದೆ! ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಂದು ಲೋಕವಾದ ಎಬೆರಾನ್‌ನಲ್ಲಿ ವಾರ್‌ಫೋರ್ಜ್ಡ್‌ಗಳನ್ನು, ಅಂದರೆ ಜೀವಂತ ಯಂತ್ರಮಾನವರನ್ನು, ಯುದ್ಧಕ್ಕೆಂದೇ ತಯಾರಿಸಿದರು. ಅವರಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಒಂದು ಒಪ್ಪಂದದಿಂದ, ಆತ್ಮ ಇದೆ ಅಂತ ಯಾರೋ ಸಾಬೀತು ಮಾಡಿದ್ದರಿಂದಲ್ಲ.

ದೇವರುಗಳ ಪಟ್ಟಿ ನಿಧಾನವಾಗಿ ಮಾಡಿದರೂ ನಡೆಯುತ್ತದೆ.

ಕೊನೆಗೆ ಒಂದು ಚೀಟಿಯಲ್ಲಿ ಮೂರೇ ಸಾಲು ಬರೆಯಿರಿ: ಯಾರು ವಾಪಸ್ ಬರಬಹುದು, ಯಾರು ಬರಲಾರರು, ಈ ಬಗ್ಗೆ ಊರಿನವರು ಏನು ತಪ್ಪು ತಿಳಿದಿದ್ದಾರೆ. ಮೂರನೆಯದನ್ನು ಮಾತ್ರ ಆಟಗಾರರಿಗೆ ತೋರಿಸಿ.